ಮುದ್ದುರಾಜನ ಕಪ್ಪೆ, ದೇವರ ಕಾಡು

ಹಾಲೇರಿಯಿಂದ ರಾಜಧಾನಿಯನ್ನು ಎಬ್ಬಿಸಿಕೊಂಡು ಬಂದು 1681ರಲ್ಲಿ ಮಡಿಕೇರಿಯಲ್ಲಿ ನೆಲೆ ನಿಂತ ಮುದ್ದುರಾಜ, ತನ್ನ ಹೆಸರು ಒಂದು ದಿನ ಕಪ್ಪೆಗೂ ಅಂಟೀತೆಂದು ಕನಸಿನಲ್ಲೂ ಎಣಿಸಿರಲಾರ. 2007ರಲ್ಲಿ ಜಪಾನಿನ ಮಿತ್ಸುರು ಕುರಾಮೊಟೊ, ಹರೀಶ್ ಜೋಶಿ ಮತ್ತು ಸಂಗಡಿಗರು ಪಶ್ಚಿಮಘಟ್ಟದ ನಾಲ್ಕು ಹೊಸ ಗದ್ದೆಗಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದರು. ಮಡಿಕೇರಿಯಲ್ಲಿ ಸಿಕ್ಕಿದ್ದಕ್ಕೆ ‘ಮುದ್ದುರಾಜ’ ಎಂದೇ ಹೆಸರಿಟ್ಟರು. ಕೋಟೆಯೊಳಗಿನ ಅರಮನೆಗೆ ಸರ್ಕಾರಿ ಕಚೇರಿಗಳು ಬಂದು ಕೂತವು. ದೊರೆಯ ಹೆಸರು ಹೊತ್ತು ಮಳೆಗಾಲವಿಡೀ ಕೂಗುವ ಕೆಲಸ ಕಪ್ಪೆಯ ಪಾಲಿಗೆ ಬಂತು.

ಕೊಡಗಿನ ಕಪ್ಪೆಗಳಿಗೆ ಹೆಸರಿಡುವ ಚರಿತ್ರೆ ಇದಕ್ಕಿಂತ ಹಳೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್, ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರು, 1920ರಲ್ಲಿ ಕಾವೇರಿ ಸೀಮೆಯ ಜೌಗು ನೆಲದ ಒಂದು ಇರುಳುಗಪ್ಪೆಯನ್ನು ವಿವರಿಸಿದರು. ಅದಕ್ಕೆ ಅವರಿಟ್ಟ ಲ್ಯಾಟಿನ್ ಹೆಸರು ‘ನಿಕ್ಟಿಬಟ್ರಾಕಸ್ ಸ್ಯಾಂಕ್ಟಿಪಲುಸ್ಟ್ರಿಸ್’. ಕೊನೆಯ ಪದವನ್ನು ಬಿಡಿಸಿದರೆ ‘ಪವಿತ್ರ ಜೌಗಿನದು’ ಎಂದಾಗುತ್ತದೆ. ಹೊಸ ಜೀವಿಗೆ ಸಾಹೇಬರ ಹೆಸರೋ ಅವರ ಹೆಂಡತಿಯ ಹೆಸರೋ ಅಂಟುತ್ತಿದ್ದ ಕಾಲವದು. ಮೇಷ್ಟ್ರು ಮಾತ್ರ ಕಪ್ಪೆಯ ಮೈಮೇಲೆ ಒಂದು ಸ್ಥಳಪುರಾಣವನ್ನೇ ಬರೆದುಬಿಟ್ಟರು.

ಆಮೇಲೆ ಆ ಕಪ್ಪೆಯ ಸುದ್ದಿಯೇ ಇಲ್ಲ.

ಈ ಇರುಳುಗಪ್ಪೆಗಳ ಕುಲ ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಅದರ ಕಾರಣ ಹುಡುಕಿದರೆ ದ್ವೀಪವೊಂದರ ಕಥೆಗೆ ಹೋಗಬೇಕಾಗುತ್ತದೆ, ಮತ್ತು ಆ ದ್ವೀಪ ಭಾರತವೇ. ಮಡಗಾಸ್ಕರಿನಿಂದ ಕಳಚಿಕೊಂಡು, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಸೆಶೆಲ್ಸ್ ತುಣುಕನ್ನೂ ಕಡಲಲ್ಲಿ ಬಿಟ್ಟು, ಈ ನೆಲ ಏಷ್ಯಾದ ಕಡೆಗೆ ಒಂಟಿಯಾಗಿ ತೇಲಿ ಬಂತು. ಅದರ ಮೇಲೆ ಸವಾರಿ ಬಂದ ಜೀವಿಗಳಲ್ಲಿ ಕೆಲವು ಮಳೆ ಬಿಡದ ಘಟ್ಟದ ಮಡಿಲಲ್ಲಿ ಉಳಿದುಕೊಂಡವು. 2003ರಲ್ಲಿ ಕೇರಳದ ಇಡುಕ್ಕಿಯ ಕಡೆಯಿಂದ ಬೆಳಕಿಗೆ ಬಂದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ಸೆಶೆಲ್ಸ್ ದ್ವೀಪಗಳಲ್ಲಿ. ಹುಟ್ಟಿದ ಮನೆ ಒಡೆದು ಪಾಲಾದ ಮೇಲೂ ಮುಖದ ಹೋಲಿಕೆ ಉಳಿದ ಹಾಗೆ.

ಕೊಡಗಿನ ಬೆಟ್ಟಗಳೂ ಒಂದು ಬಗೆಯ ದ್ವೀಪಗಳೇ. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿಗಳ ತಂಪು ಶೋಲಾ ಕಾಡಿನಲ್ಲಿ ಹುಟ್ಟಿದ ಅಂಗುಲದುದ್ದದ ಕಪ್ಪೆಗೆ ಪೂರ್ವದ ಮೈಸೂರು ಬಯಲು ಒಣ ಸಮುದ್ರ, ಪಶ್ಚಿಮದ ಕರಾವಳಿ ಸುಡುವ ಸಮುದ್ರ. ದಾಟಲಾರದ ಜೀವಿ ಇದ್ದಲ್ಲೇ ಬೇರೆಯಾಗುತ್ತದೆ. ಪೊದೆಗಪ್ಪೆಗಳಂತೂ ನೀರಿನ ಹಂಗನ್ನೇ ಅರ್ಧ ಬಿಟ್ಟಿವೆ. ಅವುಗಳ ಮೊಟ್ಟೆಯಿಂದ ಗೊದಮೊಟ್ಟೆ ಬರುವುದಿಲ್ಲ, ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಇರುಳುಗಪ್ಪೆಗಳಲ್ಲಿ ಹಲವು ತೊರೆಯ ಮೇಲೆ ಬಾಗಿದ ಎಲೆಗೆ ಮೊಟ್ಟೆ ಅಂಟಿಸುತ್ತವೆ; ಮರಿ ಒಡೆದು ಕೆಳಗಿನ ನೀರಿಗೆ ಉದುರುತ್ತದೆ. ಶರಾವತಿ ಸೀಮೆಯ ಒಂದು ಬಳಗ ಮೊಟ್ಟೆಗೆ ಕೈಯಾರೆ ಕೆಸರು ಮೆತ್ತುತ್ತದೆಂದು ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ತೋರಿಸಿ, ಅದಕ್ಕೆ ‘ಕುಂಬಾರ’ ಎಂದೇ ನಾಮಕರಣ ಮಾಡಿದರು. ಇಷ್ಟು ಒಪ್ಪುವ ಹೆಸರು ಲ್ಯಾಟಿನ್‌ನಲ್ಲಿ ಸಿಗುತ್ತಿತ್ತೋ ಇಲ್ಲವೋ.

ಮೂರನೆಯ ದ್ವೀಪಗಳನ್ನು ಮಾಡಿದ್ದು ಮನುಷ್ಯರೇ, ಅದೂ ತೀರಾ ಇತ್ತೀಚೆಗೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಕ್ಕೆ ತೆಗೆದುಕೊಂಡರು. ಇಪ್ಪತ್ತು ವರ್ಷ ಕಳೆದು, 1854ರಲ್ಲಿ, ಫೌಲರ್ ಎಂಬ ಪ್ಲಾಂಟರ್ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಅವನ ಹಿಂದೆ ಸಾಲುಗಟ್ಟಿ ಬಂದವರು ಕಾಡು ಸವರಿ ಗಿಡ ನೆಟ್ಟರು. ನೆರಳಿಗೆ ಹಳೆಯ ಮರಗಳು ಅಷ್ಟಿಷ್ಟು ಉಳಿದವು, ಮುಂದೆ ಆ ಜಾಗಕ್ಕೂ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂದು ನಿಂತಿತು. ಹೀಗೆ ಸುತ್ತಲೂ ತೋಟ ಏಳುತ್ತಿದ್ದಾಗ ಕೊಡಲಿ ತಾಗದೆ ಉಳಿದ ತುಂಡುಗಳೇ ದೇವರಕಾಡುಗಳು.

ದೇವರಕಾಡೆಂದರೆ ಮೈಲುಗಟ್ಟಲೆ ಹಬ್ಬಿದ ಅರಣ್ಯವಲ್ಲ. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕಿರುವ ದೇವರಕಾಡು 1,214. ಸರಾಸರಿ ತೆಗೆದರೆ ಒಂದೊಂದಕ್ಕೂ ಐದೆಕರೆಯ ಆಸುಪಾಸು. ಒಂದರಲ್ಲಿ ಅಯ್ಯಪ್ಪ, ಇನ್ನೊಂದರಲ್ಲಿ ಭದ್ರಕಾಳಿ, ಮತ್ತೊಂದರಲ್ಲಿ ಮಹಾದೇವ. ಕೊಡವರ ಅಯ್ಯಪ್ಪ ಬೇಟೆಯ ದೇವರು. ಅವನಿಗೆ ಹರಕೆ ಹೊತ್ತವರು ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಹಳೆಯ ನಾಯಿಗಳು ಪಾಚಿ ಹಿಡಿದು, ಕಿವಿ ಮುರಿದು, ಮರದ ಬುಡದಲ್ಲಿ ಗುಂಪಾಗಿ ಕೂತಿರುತ್ತವೆ. ಬೇಟೆಗೆ ಹೋಗುವವರ ದೇವರ ಅಂಗಳವೇ ಕಾಡುಜೀವಿಗಳ ತವರಾಗಿ ಉಳಿದದ್ದು ಕೊಡಗಿನ ಸೋಜಿಗಗಳಲ್ಲೊಂದು. ವರ್ಷಕ್ಕೊಮ್ಮೆ ಹಬ್ಬ, ದೈವದ ವೇಷವಾದ ‘ತೆರೆ’ ಕಟ್ಟುವವರ ಕುಣಿತ, ಊರಿನ ಹಿರಿಯರಾದ ತಕ್ಕರ ಮುಂದಾಳ್ತನ. ಮಿಕ್ಕ ದಿನ ಕಡ್ಡಿಯನ್ನೂ ಎತ್ತಬಾರದೆಂಬ ಕಟ್ಟುಪಾಡು.

ಕಟ್ಟುಪಾಡೊಂದೇ ಕಾಡನ್ನು ಕಾಯಿತು ಎಂದರೆ ಅದು ಸುಂದರ ಸುಳ್ಳು. ದೇವರಕಾಡುಗಳ ಚರಿತ್ರೆಯನ್ನು ಕೆದಕಿದ ಎಂ.ಎ. ಕಲಾಂ ಅವರ 1996ರ ಅಧ್ಯಯನದಲ್ಲಿ ಎರಡು ಅಂಕಿ ಎದುರುಬದುರಾಗಿ ನಿಲ್ಲುತ್ತವೆ: 1905ರಲ್ಲಿ 15,506 ಎಕರೆ, 1985ರಲ್ಲಿ 6,299 ಎಕರೆ. ಎಂಬತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿತ್ತು. ಆ ಎಂಬತ್ತು ವರ್ಷ ಕಾಗದದ ಮೇಲೆ ಇವು ಕಂದಾಯ ಇಲಾಖೆಯ ಕೈಯಲ್ಲಿದ್ದವು. 1985ರಲ್ಲಿ ಅರಣ್ಯ ಇಲಾಖೆಗೆ ಬಂದವು. ಕಾಫಿಗೆ ಬೆಲೆ ಬಂದ ನೆಲದಲ್ಲಿ ದೇವರ ಭಯವೂ ಬೇಲಿಯ ಹಾಗೆ ವರ್ಷಕ್ಕೊಂದಿಷ್ಟು ಒಳಗೆ ಸರಿಯಿತು. ಒತ್ತುವರಿ ಮಾಡಿದವರೂ ಹಬ್ಬದ ದಿನ ಅದೇ ಗುಡಿಯ ಮುಂದೆ ಕೈಮುಗಿದಿರಬೇಕು.

ಉಳಿದ ತುಂಡುಗಳಲ್ಲಿ ಏನಿದೆ? ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಮತ್ತು ಆಕ್ಸ್‌ಫರ್ಡ್‌ನಲ್ಲಿದ್ದ ಶೋನಿಲ್ ಭಾಗವತ್ ಮುಂತಾದವರು 25 ದೇವರಕಾಡು, 23 ಕಾಫಿ ತೋಟ ಮತ್ತು ಮೀಸಲು ಅರಣ್ಯದ 10 ಕಡೆ ಸುತ್ತಿ ಮರ, ಹಕ್ಕಿ, ಅಣಬೆಗಳನ್ನು ಎಣಿಸಿ 2005ರಲ್ಲಿ ಪ್ರಕಟಿಸಿದರು. ಅಣಬೆಯನ್ನು ಸೇರಿಸಿದ್ದು ಸರಿಯೇ. ಮಳೆ ಬಿದ್ದರೆ ‘ಕುಮ್ಮು’ ಹುಡುಕಿ ಹೊರಡುವ ಜಿಲ್ಲೆಯಲ್ಲಿ ಅದನ್ನು ಬಿಟ್ಟು ಲೆಕ್ಕ ಮಾಡಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲೇ ಹೆಚ್ಚು ಸಿಕ್ಕವು. ಅಳಿವಿನ ಭೀತಿಯಲ್ಲಿರುವ ಮರಗಳು ಮಾತ್ರ ಹೆಚ್ಚಾಗಿ ಕಂಡದ್ದು ದೇವರಕಾಡುಗಳಲ್ಲಿ. ಹೈಗದಂಥ ಮರ ಅಲ್ಲಿ ಇನ್ನೂ ಬೇರು ಬಿಟ್ಟು ನಿಂತಿದೆ.

ಇತ್ತ ಕಪ್ಪೆಗಳ ಕಥೆಗೆ ಮರಳಿದರೆ, ನಾರಾಯಣ ರಾಯರು 1937ರಲ್ಲಿ ಇನ್ನಷ್ಟು ಕಪ್ಪೆಗಳಿಗೆ ಹೆಸರಿಟ್ಟಿದ್ದರು. ಅವುಗಳಲ್ಲಿ ಹಲವುಗಳ ಮೂಲ ನಮೂನೆಗಳು ಕಾಲೇಜಿನಿಂದ ಕಾಣೆಯಾದವು. ನಮೂನೆ ಇಲ್ಲದ ಮೇಲೆ, ಮೇಷ್ಟ್ರು ಕಂಡದ್ದು ಯಾವ ಕಪ್ಪೆ ಎಂದು ತಲೆಮಾರುಗಳ ತಕರಾರು ನಡೆಯಿತು. ಎಸ್.ಡಿ. ಬಿಜು ಮತ್ತು ಸಂಗಡಿಗರು ಇರುಳುಗಪ್ಪೆಗಳ ಹಿಂದೆ ಬಿದ್ದು, 2011ರಲ್ಲಿ ಹನ್ನೆರಡು ಹೊಸ ಬಗೆಗಳನ್ನು ವಿವರಿಸಿದಾಗ ಪವಿತ್ರ ಜೌಗಿನ ಆ ಕಪ್ಪೆಯೂ ಮರಳಿ ಸಿಕ್ಕಿತು. ಹೆಸರಿಟ್ಟು ಆಗಲೇ 91 ವರ್ಷವಾಗಿತ್ತು.

ಅದರ ಹಿಂದಿನ ವರ್ಷ, 2010ರಲ್ಲಿ, ಗೊದಮೊಟ್ಟೆಯಿಲ್ಲದ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂಬ ಹೆಸರು ಬಂದಿತ್ತು. ಅದರೊಳಗಿನ ‘ರಾವ್’ ಇದೇ ಮೇಷ್ಟ್ರು. ಆ ಕುಲದ ಹಳದಿ ಕಪ್ಪೆಯೊಂದು ಕೊಡಗಿನ ಹೆಸರಿನಲ್ಲೇ ಪ್ರಸಿದ್ಧ. ಕತ್ತಲಾಗಿ ಮಳೆ ಹಿಡಿದರೆ ಅದು ತೋಟದ ಗಿಡದ ಮೇಲೆ ಕೂತು ಕೂಗುತ್ತದೆ, ಕೆಳಗಿನ ಗದ್ದೆಯಿಂದ ಮುದ್ದುರಾಜ ದನಿಗೂಡಿಸುತ್ತಾನೆ.