ಕರಗಿದ ಡಾಲರು, ಸವೆದ ರೂಪಾಯಿ: ತಾಳವಾಡಿ ಸೀಮೆಯಲ್ಲಿ ಬೆಳ್ಳಿ ನಾಣ್ಯದ ಆಯ್ಕೆ

ನನ್ನ ಪ್ರಶ್ನೆ ಚಿಕ್ಕದು. ತಾಳವಾಡಿ ಬೆಟ್ಟದ ಒಂದು ಮನೆಯ ಹಳೇ ಪೆಟ್ಟಿಗೆಯಲ್ಲಿ ಹತ್ತು ಬೆಳ್ಳಿ ರೂಪಾಯಿ ಇವೆ ಅಂತಿಟ್ಟುಕೊಳ್ಳಿ. ನಮ್ಮ ವಿಭಾಗದ ಸಂಗ್ರಹಕ್ಕೆ ಮೂರನ್ನು ಮಾತ್ರ ತಗೋಬಹುದು. ಯಾವ ಮೂರು?

ತಾಳವಾಡಿ ಈಗ ಈರೋಡು ಜಿಲ್ಲೆಗೆ ಸೇರಿದೆ, ಮನೆಮಾತು ಹೆಚ್ಚಾಗಿ ಕನ್ನಡ. ಬ್ರಿಟಿಷರ ಕಾಲದಲ್ಲಿ ಇದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಗಡಿಯಾಚೆ ಚಾಮರಾಜನಗರದ ಕಡೆ ಮೈಸೂರು ಸಂಸ್ಥಾನ. ಆಡಳಿತ ಎರಡಾದರೂ 19ನೇ ಶತಮಾನದ ಕೊನೆಗೆ ಎರಡೂ ಕಡೆ ನಡೀತಿದ್ದದ್ದು ಒಂದೇ ರಾಣಿ ತಲೆಯ ರೂಪಾಯಿ. 1835ರಿಂದ 1939ರವರೆಗೆ ಅದರ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬೆಳ್ಳಿ ಶೇ. 91.7. 1940ರಲ್ಲಿ ಬೆಳ್ಳಿ ಶೇ. 50ಕ್ಕೆ ಇಳಿಯಿತು, ಹಳೇ ರೂಪಾಯಿಗಳನ್ನು ಸರ್ಕಾರ ಹಂತಹಂತವಾಗಿ ವಾಪಸು ಪಡೆಯಿತು. ಕೊಡದೆ ಮನೆಯಲ್ಲೇ ಇಟ್ಟುಕೊಂಡವೇ ಈಗ ಪೆಟ್ಟಿಗೆಯಲ್ಲಿ ಸಿಗೋದು.

ಮೊದಲನೆಯ ಆಯ್ಕೆ, ಸವೆಯದ ನಾಣ್ಯ. ನಾಣ್ಯದಲ್ಲಿ ಉಬ್ಬಿದ ಜಾಗವೇ ಮೊದಲು ಸವೆಯುತ್ತೆ. ವಿಕ್ಟೋರಿಯಾ ಆದರೆ ಕಿರೀಟ ಮತ್ತು ಉಡುಪಿನ ಕಸೂತಿ ನೋಡಿ. ಎಡ್ವರ್ಡ್ ಬರಿದಲೆ, ಕಿವಿಯ ಮೇಲಿನ ಕೂದಲು ನೋಡಿ. ಜಾರ್ಜ್ ಆದರೆ ಹುಬ್ಬು, ಮೀಸೆ, ನಿಲುವಂಗಿ. ಬೆಳಕಿನಲ್ಲಿ ಮೆಲ್ಲಗೆ ಓರೆ ಮಾಡಿದರೆ ಅಚ್ಚಿನ ಹೊಳಪು ನಾಣ್ಯದ ಮೇಲೆ ಸುತ್ತಬೇಕು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದರೆ ಬಿಳುಪು ಇರುತ್ತೆ, ಆ ಸುತ್ತುವ ಹೊಳಪು ಇರೋದಿಲ್ಲ. ಕಪ್ಪಾಗಿದ್ದರೂ ಉಜ್ಜದ ನಾಣ್ಯವೇ ಮೇಲು. ಇದು ಬರೀ ಅಂದದ ಮಾತಲ್ಲ. 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣ್ತದೆ ಅಂತ ಗಲಾಟೆಯಾಗಿ 1912ರಲ್ಲಿ ಅಚ್ಚು ತಿದ್ದಿದರು. ಆ ಆನೆ ಕಾಣಬೇಕಾದರೆ ನಿಲುವಂಗಿ ಸವೆದಿರಬಾರದು.

ಎರಡನೆಯದು, 1918ರಿಂದ 1920ರೊಳಗಿನ ಒಂದು ರೂಪಾಯಿ, ದರ್ಜೆ ಸಾಧಾರಣ ಇದ್ದರೂ ಸರಿ. ಮೊದಲ ಮಹಾಯುದ್ಧದಲ್ಲಿ ಸರ್ಕಾರಕ್ಕೆ ಬೆಳ್ಳಿ ಸಾಲದೆ 1917ರಲ್ಲಿ ಒಂದು ರೂಪಾಯಿ ನೋಟು ತಂದರು. ಜನ ನೋಟು ಕೊಟ್ಟು ಬೆಳ್ಳಿ ಕೇಳಿದರು. ಆಗ ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿ ಬೆಳ್ಳಿ ಡಾಲರು ಕರಗಿಸಿತು. ಅದರಲ್ಲಿ ಸುಮಾರು 25.9 ಕೋಟಿ ಡಾಲರಿನ ಬೆಳ್ಳಿ ಭಾರತಕ್ಕಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಒಂದು ಡಾಲರಿನಲ್ಲಿ 24 ಗ್ರಾಂ ಅಪ್ಪಟ ಬೆಳ್ಳಿ, ರೂಪಾಯಿಯಲ್ಲಿ 10.7 ಗ್ರಾಂ, ಅಂದರೆ ಒಂದು ಡಾಲರಿಗೆ ಎರಡೂಕಾಲು ರೂಪಾಯಿ. ಇವತ್ತು ಅಮೆರಿಕದ ಸಂಗ್ರಾಹಕರು ಹೊಳೆಯುವ ಮಾರ್ಗನ್ ಡಾಲರಿಗಾಗಿ ಹುಡುಕುತ್ತಾರೆ. ಅದರ ಜೊತೆಯವು ಕರಗಿ ನಮ್ಮ ಘಟ್ಟದ ಪೆಟ್ಟಿಗೆಗೂ ಬಂದಿರಬಹುದು.

ಮೂರನೆಯದು, ಕೊಂಡಿ ಬೆಸೆದ ರೂಪಾಯಿ. ಸಂಗ್ರಾಹಕರು ಇದನ್ನು ಹಾಳಾದ ನಾಣ್ಯ ಅಂತ ಪಕ್ಕಕ್ಕೆ ಇಡ್ತಾರೆ. ಆದರೆ ಆ ಬೆಸುಗೆ ಅಕ್ಕಸಾಲಿಯ ಕೆಲಸ. ಹಣವಾಗಿದ್ದದ್ದು ಹೆಣ್ಣಿನ ಕೊರಳಿನ ಸರವಾಯಿತು, ಬರಗಾಲ ಬಂದರೆ ಮತ್ತೆ ಹಣವಾಗಬಲ್ಲ ಆಸ್ತಿಯೂ ಹೌದು. ಕೊಂಡಿ ಕೀಳಿಸಿ ಹೊಳಪು ಕೊಡಿಸಿದರೆ ಈ ದಾಖಲೆ ಅಳಿಸಿ ಹೋಗುತ್ತೆ.

ಚರ್ಚೆಯಲ್ಲಿ ಒಬ್ಬ ಗೆಳತಿ ಕೇಳಿದರು: "ಮೂರನ್ನೂ ಬೆಳ್ಳಿ ತೂಕದ ಬೆಲೆಗೆ ತಗೋಬಹುದಲ್ವಾ?" ಆಗದು. ಸವೆಯದ ನಾಣ್ಯಕ್ಕೆ ಪೇಟೆಯಲ್ಲಿ ತೂಕಕ್ಕಿಂತ ಹೆಚ್ಚು ಬೆಲೆ ಬರಬಹುದು ಅಂತ ನಮಗೆ ಗೊತ್ತು, ಆ ಮನೆಯ ಅಜ್ಜಿಗೆ ಗೊತ್ತಿರಲಿಕ್ಕಿಲ್ಲ. ಮೊದಲು ಅದನ್ನು ಅವರಿಗೆ ಹೇಳಬೇಕು. ಆಮೇಲೆ ಕೊಡೋದು ಬಿಡೋದು ಅವರ ಇಷ್ಟ. ಕೊಡಲಿಲ್ಲ ಅಂದರೆ ತೂಕ, ಇಸವಿ, ಚಿತ್ರ, ಯಾರ ಸರದ್ದು ಅನ್ನೋದನ್ನು ಬರೆದುಕೊಂಡು ಬರೋಣ. ನಮ್ಮ ಕೆಲಸಕ್ಕೆ ಅಷ್ಟು ಸಾಕು.