ನಂಜನಗೂಡು, ಟಿ. ನರಸೀಪುರ ಸೀಮೆಯ ತಾಮ್ರದ ಗುಜರಿ

ತಾಮ್ರದ ಗುಜರಿ ಎಂದರೆ ಬಳಸಿ ಬಿಟ್ಟ ತಾಮ್ರವನ್ನು ತೂಕಕ್ಕೆ ಕೊಂಡು, ಬಗೆಬಗೆಯಾಗಿ ಬೇರ್ಪಡಿಸಿ, ಕರಗಿಸುವವರಿಗೆ ತಲುಪಿಸುವ ಕಸುಬು. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳಲ್ಲಿ ಇಂದು ಇದರ ಮುಖ್ಯ ಸರಕು ವಿದ್ಯುತ್ ತಂತಿ: ಕೆಡವಿದ ಮನೆಯ ವೈರು, ಸುಟ್ಟ ಪಂಪ್‌ಸೆಟ್ಟಿನ ಕಾಯಿಲ್, ಕೆಲಸ ಮುಗಿದ ಕೇಬಲ್. ಎರಡು ತಲೆಮಾರುಗಳ ಹಿಂದೆ ಅದೇ ತಕ್ಕಡಿಗೆ ಬೀಳುತ್ತಿದ್ದುದು ಒಡಕು ಹಂಡೆ, ತೂತು ಬಿದ್ದ ಕೊಡ. ಸರಕು ಬದಲಾಗಿದೆ, ವಿದ್ಯೆ ಬದಲಾಗಿಲ್ಲ. ಕೈಗೆ ಬಂದ ತಾಮ್ರದಲ್ಲಿ ತಾಮ್ರವಲ್ಲದ್ದು ಎಷ್ಟು ಸೇರಿದೆ ಎಂದು ಕಣ್ಣಿಂದ, ಕೈಯಿಂದ ಕಂಡುಹಿಡಿಯುವುದೇ ಅಂದಿಗೂ ಇಂದಿಗೂ ಈ ವ್ಯಾಪಾರದ ತಿರುಳು.

ಕರ್ನಾಟಕದಲ್ಲಿ ತಾಮ್ರದ ಅದಿರು ಇರುವುದು ಚಿತ್ರದುರ್ಗದ ಬಳಿಯ ಇಂಗಳದಾಳು, ಹಾಸನ ಜಿಲ್ಲೆಯ ಕಲ್ಯಾಡಿಯಂಥ ಕೆಲವೇ ಕಡೆ, ಅದೂ ಅಲ್ಪ ಪ್ರಮಾಣದಲ್ಲಿ. ಕಪಿಲಾ–ಕಾವೇರಿ ತೀರದ ಈ ಸೀಮೆಗೆ ತಾಮ್ರ ಯಾವತ್ತೂ ಹೊರಗಿನಿಂದಲೇ ಬರಬೇಕಿತ್ತು. ಹಾಗೆ ಬಂದ ಲೋಹವನ್ನು ಇಲ್ಲಿಯವರು ಎಷ್ಟು ಬೆಲೆಯುಳ್ಳದ್ದೆಂದು ಎಣಿಸಿದ್ದರು ಎಂಬುದಕ್ಕೆ ಗಂಗರ ತಾಮ್ರಶಾಸನಗಳೇ ಸಾಕ್ಷಿ. ಟಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ದಾನ ಕೊಟ್ಟ ಭೂಮಿಯ ಎಲ್ಲೆಕಟ್ಟನ್ನು ತಗಡುಗಳ ಮೇಲೆ ಕೆತ್ತಿಸಿ, ಅಂಚಿನಲ್ಲಿ ತೂತು ಕೊರೆದು, ಬಳೆಗೆ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ಆನೆಯ ಮುದ್ರೆ ಒತ್ತಿಸುವುದು ಆ ಮನೆತನದ ಪದ್ಧತಿ. ಗೆದ್ದಲು ತಿನ್ನದ, ಮಳೆಗೆ ಕರಗದ ಲೋಹವೆಂದೇ ತಾಮ್ರಕ್ಕೆ ಆ ಗೌರವ. ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಸೇರಿವೆ. ಭೂದಾನದ ಹಕ್ಕು ಮರೆತುಹೋದ ಮೇಲೆ ಅಂಥ ತಗಡು ತೂಕದ ಸಾಮಾನಾಗಿಬಿಡುವ ಅಪಾಯ ಸದಾ ಇತ್ತು. ಒಲೆಗೆ ಬೀಳದೆ ಉಳಿದವು ನಮಗೆ ಇತಿಹಾಸವಾಗಿ ಸಿಕ್ಕಿವೆ.

ಊರಮನೆಗಳಲ್ಲಿ ತಾಮ್ರ ನೆಲೆಸಿದ್ದು ಪಾತ್ರೆಯಾಗಿ. ನೀರಿಗೆ ಕೊಡ, ದೇವರಮನೆಗೆ ಚೊಂಬು, ಗಿಂಡಿ, ಬಚ್ಚಲಿಗೆ ಹಂಡೆ. ಟಿ. ನರಸೀಪುರದ ಸಂಗಮದಿಂದ ತೀರ್ಥ ಒಯ್ಯಲು, ನಂಜನಗೂಡಿನ ನಂಜುಂಡೇಶ್ವರನ ಸನ್ನಿಧಿಯಿಂದ ಕಪಿಲೆಯ ನೀರು ತರಲು ತಾಮ್ರದ ತಂಬಿಗೆಯೇ ಆಗಬೇಕು ಎಂಬ ನಂಬಿಕೆ ಬಲವಾಗಿತ್ತು. ಅಡುಗೆಯ ತಾಮ್ರ, ಹಿತ್ತಾಳೆಗೆ ಕಲಾಯಿ ಬೇಕು. ಇಲ್ಲವಾದರೆ ಹುಳಿ ಸೇರಿ ಕಿಲುಬು ಏಳುತ್ತದೆ. ಕಲಾಯಿಯವರು ಬೀದಿಬದಿಯಲ್ಲಿ ಕುಳಿ ತೋಡಿ ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಅರಳೆಯಲ್ಲಿ ಒರೆಸಿ ಒಳಮೈಯನ್ನು ಬೆಳ್ಳಗೆ ಮಾಡುತ್ತಿದ್ದರು. ಕೊಳ್ಳುವವರಿಗೆ, ಮಾರುವವರಿಗೆ ಇಬ್ಬರಿಗೂ ಚೆನ್ನಾಗಿ ಗೊತ್ತಿದ್ದ ಮಾತೊಂದಿತ್ತು: ಪಾತ್ರೆ ಹಳತಾದರೂ ಲೋಹ ಹಳತಾಗುವುದಿಲ್ಲ. ಕಷ್ಟ ಬಂದಾಗ ಹಂಡೆ ಒತ್ತೆಗೆ ಹೋಗುತ್ತಿತ್ತು, ಬಿಡಿಸಿಕೊಳ್ಳಲಾಗದಿದ್ದರೆ ತೂಕಕ್ಕೆ ಹೋಗುತ್ತಿತ್ತು.

ತೂಕಕ್ಕೆ ಹಾಕುವಾಗ ಚೌಕಾಸಿ ನಡೆಯುತ್ತಿದ್ದುದು ತಾಮ್ರದ ಮೇಲಲ್ಲ, ಅದಕ್ಕೆ ಅಂಟಿಕೊಂಡದ್ದರ ಮೇಲೆ. ಬಚ್ಚಲ ಒಲೆಗೆ ಹೂತ ಹಂಡೆಯ ಹೊರಮೈಗೆ ವರ್ಷಗಟ್ಟಲೆಯ ಮಸಿ ಗಟ್ಟಿಯಾಗಿ ಹಿಡಿದಿರುತ್ತದೆ, ಒಳಗೆ ಗಡಸುನೀರಿನ ಬೆಳ್ಳನೆಯ ಪೊರೆ ಕಟ್ಟಿರುತ್ತದೆ. ಕಂಠದ ಸುತ್ತ ಹಿತ್ತಾಳೆಯ ಬಳೆ, ಬುಡದಲ್ಲಿ ಬೆಸುಗೆಯ ತೇಪೆ. ವ್ಯಾಪಾರಿ ಹಂಡೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, ಅಂಚನ್ನು ಕೆರೆದು ಬಣ್ಣ ನೋಡಿ, ಇಷ್ಟು ಮಸಿಗೆ, ಇಷ್ಟು ಬೆಸುಗೆಗೆ ಎಂದು ತೂಕದಲ್ಲಿ ಮುರಿದುಕೊಳ್ಳುತ್ತಿದ್ದ. ತಿಳಿದ ಹೆಂಗಸರು ಮಾರುವ ಮೊದಲೇ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಕೊಡುತ್ತಿದ್ದರು. ಹಳೆ ತಂತಿ ಸುಲಿದು ಮಾರುವವರು ಮಾಡುವುದೂ ಇದನ್ನೇ.

ತಾಮ್ರ ತಂತಿಯ ರೂಪದಲ್ಲಿ ರಾಶಿರಾಶಿಯಾಗಿ ಈ ಸೀಮೆಯ ಮಗ್ಗುಲಿಗೆ ಬಂದಿಳಿದದ್ದು ಶಿವನಸಮುದ್ರದ ವಿದ್ಯುದಾಗಾರದ ಕಾಲದಲ್ಲಿ. ಟಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡನ್ನು ಬಳಸಿ ಮುಂದೆ ಹರಿಯುವ ಕಾವೇರಿ ಅಲ್ಲಿ ಧುಮುಕುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಯೋಜನೆ ರೂಪುಗೊಂಡಿತು. ಎ. ಜೋಲಿ ದ ಲಾಟ್‌ಬಿನಿಯರ್ ಎಂಬ ಎಂಜಿನಿಯರ್ ಅದನ್ನು ಕಟ್ಟಿಸಿದರು. ಭಾರದ ಯಂತ್ರಗಳು ಮದ್ದೂರು ರೈಲು ನಿಲ್ದಾಣದಿಂದ ಎತ್ತಿನ ಗಾಡಿಗಳಲ್ಲಿ, ಆನೆಗಳ ಬಲದಿಂದ ಜಲಪಾತದ ದಡ ಮುಟ್ಟಿದವು. 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಆ ಕಾಲಕ್ಕೆ ಲೋಕದ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಅದೊಂದು, ಎಳೆದದ್ದು ತಾಮ್ರದ ತಂತಿ. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ದೀಪ ಬಂತು. ಹಂಡೆ ಮನೆಯೊಳಗಿನ ಆಸ್ತಿ. ಕಂಬದ ಮೇಲಿನ ತಂತಿಯಾದರೋ ಬಯಲಲ್ಲಿ, ಕಾವಲಿಲ್ಲದೆ, ಮೈಲಿಗಟ್ಟಲೆ ಹರಡಿಕೊಂಡ ತಾಮ್ರ. ಗುಜರಿಯ ಚರಿತ್ರೆಗೆ ಕಳ್ಳತನದ ನೆರಳು ಗಾಢವಾಗಿ ಬಿದ್ದದ್ದು ಈ ಬದಲಾವಣೆಯಿಂದ.

ಎರಡನೆಯ ಮಹಾಯುದ್ಧ ತಾಮ್ರದ ಅಭಾವವನ್ನು ಪ್ರತಿಯೊಬ್ಬರ ಜೇಬಿಗೂ ತಂದಿತು. 1943ರಿಂದ 1947ರವರೆಗೆ ಚಲಾವಣೆಗೆ ಬಿಟ್ಟ ಒಂದು ಕಾಸಿನ ನಾಣ್ಯದ ನಡುವೆ ದೊಡ್ಡ ತೂತು. ಲೋಹ ಉಳಿಸಲು ಮಾಡಿದ ಉಪಾಯವದು. ಹಳ್ಳಿಯವರ ಬಾಯಲ್ಲಿ ಅದು ತೂತಿನ ಕಾಸು. ಸ್ವಾತಂತ್ರ್ಯ ಬಂದ ಹೊಸದರಲ್ಲೇ ಟೆಲಿಗ್ರಾಫ್ ತಂತಿಗಳ ಅಕ್ರಮ ಸ್ವಾಧೀನವನ್ನು ತಡೆಯುವ 1950ರ ಕಾಯಿದೆ ಜಾರಿಯಾಯಿತು. ಅದರ ಜಾಣತನ ಗಮನಿಸುವಂಥದು. ಯಾರ ಅಂಗಡಿಯಲ್ಲಿ ಸಿಕ್ಕಿತು ಎಂಬುದಕ್ಕಿಂತ ತಂತಿಯ ದಪ್ಪವನ್ನೇ ಅದು ಗುರುತಾಗಿ ಹಿಡಿಯಿತು. ಮೈಲಿಗೆ 150, 200 ಅಥವಾ 300 ಪೌಂಡು ತೂಗುವ ತಾಮ್ರದ ತಂತಿಯೆಂದರೆ ಅದು ಸರ್ಕಾರದ ಟೆಲಿಗ್ರಾಫ್ ತಂತಿಯೇ ಎಂದು ಕಾಯಿದೆ ಹೇಳಿತು. ಸರಿಸುಮಾರು ಎರಡೂವರೆಯಿಂದ ಮೂರೂವರೆ ಮಿಲಿಮೀಟರ್ ದಪ್ಪ. ಹಾಗಾಗಿ ಗುಜರಿಯವರಿಗೆ ಬೆರಳ ನಡುವೆ ತಂತಿಯ ದಪ್ಪ ತಿಳಿಯುವುದು ದರಕ್ಕಷ್ಟೇ ಅಲ್ಲ, ಜೈಲಿನಿಂದ ತಪ್ಪಿಸಿಕೊಳ್ಳಲೂ ಬೇಕಾಯಿತು.

ಹೊರದೇಶದ ತಾಮ್ರಕ್ಕೆ ವಿದೇಶಿ ವಿನಿಮಯ ಸಾಲದ 1960ರ ದಶಕದಲ್ಲಿ ಸರ್ಕಾರ ಅಲ್ಯೂಮಿನಿಯಮ್ಮಿನತ್ತ ತಿರುಗಿತು. ಪೈಸೆ ಅಲ್ಯೂಮಿನಿಯಂ ಆಯಿತು, ಹಳ್ಳಿಗಳಿಗೆ ಎಳೆದ ಲೈನು ಉಕ್ಕಿನ ನಡುವೆಳೆಯ ಅಲ್ಯೂಮಿನಿಯಂ ಆಯಿತು, ಎಷ್ಟೋ ಮನೆಗಳ ಒಳಗಿನ ವೈರೂ ಅದೇ ಆಯಿತು. ಇದೇ ಹೊತ್ತಿಗೆ ಅಡುಗೆಮನೆಗೆ ಸ್ಟೀಲು ಬಂತು. ಕಲಾಯಿ ಬೇಡದ, ತಿಕ್ಕಿದರೆ ಹೊಳೆಯುವ ಪಾತ್ರೆಗಾಗಿ ಮನೆಮನೆಯಿಂದ ತಾಮ್ರ, ಹಿತ್ತಾಳೆ ಹೊರಬಿತ್ತು. ತಲೆಮಾರುಗಳಿಂದ ಬಂದ ಹಂಡೆ, ಕೊಳಗಗಳನ್ನು ಕೊಟ್ಟು ಹಗುರವಾದ ತಟ್ಟೆ, ಲೋಟ, ಡಬ್ಬಿಗಳನ್ನು ತೆಗೆದುಕೊಂಡವರು ಅಸಂಖ್ಯ. ಅದು ನಷ್ಟದ ವಿನಿಮಯವೆಂದು ಆಮೇಲೆ ತಿಳಿಯಿತು. ಆದರೆ ಅದಕ್ಕೆ ಆ ಹೆಣ್ಣುಮಕ್ಕಳನ್ನು ದೂರುವುದು ತಪ್ಪು. ತುಂಬಿದ ತಾಮ್ರದ ಕೊಡವನ್ನು ದಿನಕ್ಕೆ ಹತ್ತು ಬಾರಿ ಸೊಂಟದ ಮೇಲೆ ಹೊತ್ತವರು ಅವರೇ.

ಪಾತ್ರೆಯ ತಾಮ್ರ ಬರಿದಾಗುತ್ತಿದ್ದಂತೆ ಗುಜರಿಗೆ ಹೊಸ ಸೆಲೆ ಸಿಕ್ಕಿದ್ದು ಪಂಪ್‌ಸೆಟ್ಟಿನಲ್ಲಿ. 1974ರ ಹೊತ್ತಿಗೆ ಮುಗಿದ ಕಬಿನಿ (ಕಪಿಲಾ) ಜಲಾಶಯದ ನಾಲೆ ಮುಟ್ಟಿದ ಕಡೆ ಭತ್ತ ಬಂತು. ನಾಲೆ ಮುಟ್ಟದ ದೊಡ್ಡಕವಲಂದೆಯಂಥ ಒಣಭೂಮಿಯಲ್ಲಿ ಬಾವಿ, ಆಮೇಲೆ ಕೊಳವೆಬಾವಿ. ಮೂರು ಫೇಸಿನಲ್ಲಿ ಒಂದು ಹೋದರೂ, ವೋಲ್ಟೇಜು ಕುಸಿದರೂ ಮೋಟಾರ್ ಸುಡುತ್ತದೆ. ಸುಟ್ಟ ಮೋಟಾರಿಗೆ ಕಾಯಿಲ್ ಕಟ್ಟುವ ವೈಂಡಿಂಗ್ ಅಂಗಡಿಗಳು ಎರಡೂ ಪಟ್ಟಣಗಳಲ್ಲಿ, ಹೋಬಳಿ ಊರುಗಳಲ್ಲಿ ಹುಟ್ಟಿಕೊಂಡವು.

ಅಲ್ಲಿಯ ಕೆಲಸ ಹೀಗೆ. ಮೋಟಾರ್ ಬಿಚ್ಚಿ ಸ್ಟೇಟರ್ ಹೊರತೆಗೆಯುತ್ತಾರೆ. ವಾರ್ನಿಷ್ ಕುಡಿದು ಕಲ್ಲಿನಂತೆ ಗಟ್ಟಿಯಾದ ಸುರುಳಿಯ ಒಂದು ಮಗ್ಗುಲನ್ನು ಉಳಿ ಇಟ್ಟು ಸುತ್ತಿಗೆಯಿಂದ ಕಡಿಯುತ್ತಾರೆ. ಬಿಸಿ ಮಾಡಿ ಮೆತ್ತಗಾದ ಮೇಲೆ ಇನ್ನೊಂದು ಮಗ್ಗುಲಿನಿಂದ ಇಕ್ಕಳ ಹಾಕಿ ಒಂದೊಂದೇ ಸ್ಲಾಟಿನ ತಂತಿಯನ್ನು ಕಂತೆಯಾಗಿ ಎಳೆಯುತ್ತಾರೆ. ಹೊಸ ತಂತಿಯ ಲೆಕ್ಕಕ್ಕೆ ಹಳೆಯದರ ತೂಕವೇ ಆಧಾರ, ಹಳೆಯದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ರೂಢಿ. ಕೆಲವು ರೈತರು ಸುಟ್ಟ ತಂತಿಯನ್ನು ತಾವೇ ಕೇಳಿ ಪಡೆದು ಗುಜರಿಗೆ ಒಯ್ಯುತ್ತಾರೆ. ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರಿನ ತಂತಿಯದು ಬೇರೆ ಜಾತಿ. ನೀರಿನೊಳಗೇ ತಿರುಗಬೇಕಾದ್ದರಿಂದ ಅದಕ್ಕೆ ವಾರ್ನಿಷಿನ ಬದಲು ಪ್ಲಾಸ್ಟಿಕ್ಕಿನ ಹೊದಿಕೆ. ಅದನ್ನು ಸುಲಿಯಬಹುದು. ಒಣ ಮೋಟಾರಿನ ಎನಾಮಲ್ ತಂತಿ ಸುಲಿಯಲು ಬಾರದು, ಕರಗಿಸುವವರ ಬಳಿಗೆ ಹಾಗೆಯೇ ಹೋಗಬೇಕು. ಆದ್ದರಿಂದಲೇ ಇವೆರಡನ್ನೂ ಎಂದೂ ಒಂದೇ ಚೀಲಕ್ಕೆ ತುಂಬುವುದಿಲ್ಲ.

ವಿಂಗಡಣೆಗೆ ಮೊದಲ ಸಲಕರಣೆ ಅಯಸ್ಕಾಂತ. ತಾಮ್ರ ಅದಕ್ಕೆ ಅಂಟುವುದಿಲ್ಲ, ತಾಮ್ರದ ಲೇಪ ಹಚ್ಚಿದ ಕಬ್ಬಿಣ ಥಟ್ಟನೆ ಅಂಟುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಪೊರೆ ಹೊದಿಸಿದ ತಂತಿಯನ್ನು ಅಯಸ್ಕಾಂತ ಹಿಡಿಯಲಾರದು. ಅದಕ್ಕೆ ತುದಿ ಕತ್ತರಿಸಿ ನೋಡಬೇಕು, ಒಳಗೆ ಬೆಳ್ಳಗಿದ್ದರೆ ಮೋಸ. ಕೈಯ ತೂಕವೂ ಹೇಳಿಕೊಡುತ್ತದೆ: ಒಂದೇ ಗಾತ್ರದಲ್ಲಿ ತಾಮ್ರ ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟಿಗೂ ಮಿಕ್ಕಿ ಭಾರ. ಹಳೆಯ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಹೊಡೆದ ರಬ್ಬರು ವೈರಿನಲ್ಲಿ ತಂತಿ ಬೆಳ್ಳಗೆ ಕಂಡರೂ ಅದು ತಾಮ್ರವೇ. ರಬ್ಬರಿನ ಗಂಧಕ ತಾಮ್ರವನ್ನು ತಿನ್ನದಿರಲೆಂದು ತವರ ಹಚ್ಚಿರುತ್ತಾರೆ. ಹೊಸಬರು ಅದನ್ನು ಅಲ್ಯೂಮಿನಿಯಂ ಎಂದುಕೊಂಡು ಕಡಿಮೆಗೆ ಕೊಟ್ಟುಬಿಡುವುದುಂಟು. ಅನುಭವಿಗಳು ಉಗುರಿನಿಂದ ಕೆರೆದು ಕೆಂಪು ಕಂಡುಕೊಂಡು ಬೇರೆ ಇಡುತ್ತಾರೆ, ತವರ ಇರುವ ಕಾರಣ ದರ ಸ್ವಲ್ಪ ತಗ್ಗು. ನೆಲದಡಿಯ ಟೆಲಿಫೋನ್ ಕೇಬಲ್ಲಿನಲ್ಲಿ ಅರ್ಧ ಮಿಲಿಮೀಟರಿನ ಎಳೆಗಳು ಜೋಡಿಜೋಡಿಯಾಗಿ ಅಂಟುಜೆಲ್ಲಿಯಲ್ಲಿ ಮುಳುಗಿರುತ್ತವೆ, ಒರೆಸಿ ತೆಗೆಯುವುದರಲ್ಲೇ ಕೈ ಸೋಲುತ್ತದೆ.

ಮೇಲಿನ ದರ್ಜೆ ಹೊದಿಕೆ ಸುಲಿದ, ಸುಡದ, ಕಿಲುಬಿಲ್ಲದ, ಹೊಳೆಯುವ ದಪ್ಪ ತಂತಿಗೆ. ವ್ಯಾಪಾರದ ಮಾತಿನಲ್ಲಿ ಅದು ‘ಮಿಲ್‌ಬೆರಿ’. ಬಣ್ಣ ಕಂದಿದ್ದು, ಬೆಸುಗೆ ಹತ್ತಿದ್ದು, ಕೂದಲೆಳೆಯಂಥದ್ದು, ಸುಟ್ಟದ್ದು ಕೆಳಗಿನ ದರ್ಜೆಗಳು. ಸುಲಿಯುವುದರಿಂದ ಲಾಭವೆಷ್ಟು ಎಂಬುದು ಲೆಕ್ಕದ ಮಾತು. ಮನೆ ವೈರಿಂಗಿನ 90 ಮೀಟರ್ ಸುರುಳಿಯಲ್ಲಿ, ತಂತಿ 1 ಚದರ ಮಿಲಿಮೀಟರಿನದಾದರೆ ಸುಮಾರು 800 ಗ್ರಾಂ ತಾಮ್ರ ಸಿಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ಎರಡು ಕಿಲೋ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಎಳೆಯುವ ಶ್ರಮ ಎರಡಕ್ಕೂ ಒಂದೇ. ಹಾಗಾಗಿ ದಪ್ಪದ್ದನ್ನು ಸುಲಿಯುತ್ತಾರೆ, ಸಣ್ಣದ್ದನ್ನು ಸಿಪ್ಪೆಸಹಿತ ಮಾರುತ್ತಾರೆ, ಇಲ್ಲವೇ ಸುಡುತ್ತಾರೆ.

ಈ ಕಸುಬಿನ ಬಹು ದೊಡ್ಡ ಕೇಡು ಈ ಸುಡುವಿಕೆ. ವೈರಿನ ಪಿವಿಸಿ ಹೊದಿಕೆ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಹೊಗೆ ಏಳುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ವಿಷ. ಬಿಸಿ ತಾಮ್ರದ ಸನ್ನಿಧಿಯಲ್ಲಿ ಡಯಾಕ್ಸಿನ್ ಇನ್ನೂ ಸುಲಭವಾಗಿ ಹುಟ್ಟುತ್ತದೆ. ಅದು ಮಣ್ಣಿನಲ್ಲಿ, ಮೇವಿನಲ್ಲಿ, ಹಾಲಿನಲ್ಲಿ ಉಳಿದುಕೊಳ್ಳುವಂಥದು. ಸುಟ್ಟ ತಂತಿ ಕಪ್ಪಾಗಿ, ಪೆಡಸಾಗಿ ದರ್ಜೆಯಲ್ಲೂ ಇಳಿಯುತ್ತದೆ, ತೂಕದಲ್ಲೂ ಕಳೆಯುತ್ತದೆ. ಶ್ವಾಸ ಕೊಟ್ಟು ಕಡಿಮೆ ದುಡ್ಡು ತರುವ ಕೆಲಸ ಇದು. ತ್ಯಾಜ್ಯವನ್ನು ಬಯಲಲ್ಲಿ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿದೆ.

ಕಳವಿನ ತಂತಿ ಇನ್ನೊಂದು ಕೇಡು. ಜಮೀನಿನ ಪಂಪಿನ ಕೇಬಲ್ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋದರೆ ಕಳ್ಳನಿಗೆ ಸಿಗುವುದು ಕೆಲವು ಕಿಲೋ ತಾಮ್ರ, ರೈತನಿಗೆ ಹೋಗುವುದು ನೀರಿಲ್ಲದೆ ಒಣಗುವ ಪೈರು. 2003ರ ವಿದ್ಯುಚ್ಛಕ್ತಿ ಕಾಯಿದೆಯ 136ನೆಯ ಕಲಮು ವಿದ್ಯುತ್ ಮಾರ್ಗದ ತಂತಿ, ಸಾಮಗ್ರಿ ಕದ್ದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ, ಕದ್ದದ್ದನ್ನು ಇಟ್ಟುಕೊಂಡವರೂ ಅದರಡಿ ಬರುತ್ತಾರೆ. ಸುಟ್ಟ ತಂತಿಗೆ ಗುರುತು ಉಳಿಯುವುದಿಲ್ಲ. ಕದ್ದವರು ಮೊದಲು ಬೆಂಕಿ ಹಚ್ಚುವುದು ಅದಕ್ಕೇ.

ಎರಡು ಪಟ್ಟಣಗಳ ಪೈಕಿ ನಂಜನಗೂಡಿನ ಸರಕು ಹೆಚ್ಚು ಬಗೆಯದು, ಕಾರಣ ಅಲ್ಲಿಯ ಕೈಗಾರಿಕಾ ಪ್ರದೇಶ. ವಿದ್ಯುನ್ಮಾನ ಉಪಕರಣಗಳ ಸರ್ಕ್ಯೂಟ್ ಹಲಗೆ ತಯಾರಿಸುವ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಾರ್ಖಾನೆಯೂ ಅಲ್ಲಿದೆ. ಆ ಹಲಗೆಗಳ ಮೇಲಿನ ಕೂದಲೆಳೆಯ ದಾರಿಗಳೂ ತಾಮ್ರವೇ. ಆದರೆ ಹಲಗೆ, ಮೊಬೈಲು, ಟಿವಿಗಳಂಥ ಇ-ತ್ಯಾಜ್ಯ ಬೀದಿ ಗುಜರಿಯಲ್ಲಿ ಬಿಚ್ಚುವ ವಸ್ತುವಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ತಂತಿಯ ತಾಮ್ರ ಮಾತ್ರ ಹಳೆಯ ದಾರಿಯಲ್ಲೇ ಸಾಗುತ್ತದೆ: ಹಳ್ಳಿ ಸುತ್ತುವವನಿಂದ ಪಟ್ಟಣದ ಅಂಗಡಿಗೆ, ಅಲ್ಲಿಂದ ಮೈಸೂರು, ಬೆಂಗಳೂರಿನ ದೊಡ್ಡ ವ್ಯಾಪಾರಿಗೆ, ಕೊನೆಗೆ 1085 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಕರಗುವ ಕುಲುಮೆಗೆ. ತೂತುಕುಡಿಯ ತಾಮ್ರ ಕಾರ್ಖಾನೆ 2018ರ ಮೇ ತಿಂಗಳಲ್ಲಿ ಮುಚ್ಚಿದ ಮೇಲೆ ದೇಶ ಶುದ್ಧ ತಾಮ್ರಕ್ಕೆ ಮತ್ತೆ ಆಮದನ್ನು ನೆಚ್ಚಿಕೊಂಡಿತು.

ಮನೆ ಕೆಡವುವವರು, ಪಂಪಿಗೆ ಕಾಯಿಲ್ ಕಟ್ಟಿಸುವವರು ಹಳೆ ವೈರನ್ನು ಸುಡದೆ ಸಿಪ್ಪೆಸಹಿತವೇ ತಕ್ಕಡಿಗೆ ಹಾಕಲಿ. ಗುಜರಿಯಲ್ಲಿ ಅದಕ್ಕೂ ದರವಿದೆ.