ಲಕ್ಷಣರಹಿತ ಮೂತ್ರ ಬ್ಯಾಕ್ಟೀರಿಯಾ

ಉರಿಮೂತ್ರವಿಲ್ಲ, ಜ್ವರವಿಲ್ಲ, ಪಕ್ಕೆನೋವಿಲ್ಲ. ಆದರೂ ಮೂತ್ರದ ಕಲ್ಚರ್ ವರದಿಯಲ್ಲಿ ಮಿಲಿಲೀಟರಿಗೆ 1,00,000 ಅಥವಾ ಅದಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಎಂದಿರುತ್ತದೆ. ಇದೇ ಲಕ್ಷಣರಹಿತ ಮೂತ್ರ ಬ್ಯಾಕ್ಟೀರಿಯಾ. ಲಕ್ಷದ ಈ ಗಡಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ, ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕಾಸ್ ಅವರಿಂದ. ಹೆಚ್ಚಾಗಿ ಸಿಗುವುದು ಕರುಳಿನ ಹಳೆಯ ನಿವಾಸಿ ಇ. ಕೋಲೈ.

ಈ ಎಣಿಕೆ ಸುಲಭವಾಗಿ ತಪ್ಪುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವವರು, ಮನೆಯಲ್ಲೇ ಹಿಡಿದ ಮೂತ್ರದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡರೆನ್ನಿ. ಇಳಿಯುವಷ್ಟರಲ್ಲಿ ಒಳಗಿನ ಸಂಸಾರ ಬೆಳೆದಿರುತ್ತದೆ. ಎಲ್ಲ ಕೂಡಿಬಂದರೆ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮೊದಲ ಧಾರೆ ಬಿಟ್ಟು ನಡುಧಾರೆ ಹಿಡಿದು, ಎರಡು ಗಂಟೆಯೊಳಗೆ ಲ್ಯಾಬಿಗೆ ಕೊಡಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಹೆಂಗಸರಲ್ಲಿ ಸತತ ಎರಡು ಮಾದರಿಗಳಲ್ಲಿ ಅದೇ ಜೀವಿ ಕಂಡರೆ ಲೆಕ್ಕಕ್ಕೆ ಬರುತ್ತದೆ, ಗಂಡಸರಲ್ಲಿ ಒಂದೇ ಸಾಕು.

2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದಾಗ ನಲವತ್ತು ಆಗಿದ್ದವರಿಗೆ ಈಗ ಅರವತ್ತು ದಾಟಿದೆ. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಸೇರಿಕೊಂಡಂತೆ, ಈ ಬ್ಯಾಕ್ಟೀರಿಯಾ ಸಾಮಾನ್ಯವಾಗುತ್ತದೆ. ತಿಂಗಳುಗಟ್ಟಲೆ ಕ್ಯಾತಿಟರ್ ಹಾಕಿಸಿಕೊಂಡವರಲ್ಲಂತೂ ಇದ್ದೇ ಇರುತ್ತದೆ. ವರದಿಯಲ್ಲಿ 'ಪಸ್ ಸೆಲ್ಸ್' (ಕೀವು ಕಣ) ಎಂಬ ಸಾಲು ಕಂಡೊಡನೆ ಮನೆಮಂದಿ ಮೆಡಿಕಲ್ ಶಾಪಿಗೆ ಓಡುತ್ತಾರೆ. ಆದರೆ ಲಕ್ಷಣವಿಲ್ಲದಿದ್ದರೆ ಪಸ್ ಸೆಲ್ಸ್ ಇದ್ದರೂ ಆಂಟಿಬಯಾಟಿಕ್ ಬೇಡವೆಂದೇ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರಲ್ಲಿ ಹೇಳಿದೆ. ಕೊಟ್ಟರೂ ಬ್ಯಾಕ್ಟೀರಿಯಾ ಹೆಚ್ಚಾಗಿ ಮತ್ತೆ ಬರುತ್ತದೆ, ಈ ಸಲ ಔಷಧಿಗೆ ಜಗ್ಗದಂಥದ್ದು ಇರಬಹುದು. ಅಜ್ಜನಿಗೆ ಇದ್ದಕ್ಕಿದ್ದಂತೆ ಮಂಕು ಕವಿದರೆ, ಜ್ವರವಾಗಲಿ ಉರಿಯಾಗಲಿ ಇಲ್ಲದಿದ್ದರೆ, ಮೂತ್ರದ ಮೇಲೆ ತಪ್ಪು ಹೊರಿಸುವ ಮೊದಲು ಮೈಯಲ್ಲಿ ನೀರು ಕಡಿಮೆಯಾಗಿದೆಯೇ, ಹೊಸ ಮಾತ್ರೆ ಶುರುವಾಗಿದೆಯೇ ಎಂದು ನೋಡುವುದು ಮೇಲು.

ಬಸುರಿಯರ ಮಾತೇ ಬೇರೆ. ಗರ್ಭಾಶಯ ಹಿಗ್ಗಿ ಮೂತ್ರನಾಳವನ್ನು ಒತ್ತುತ್ತದೆ, ಹಾರ್ಮೋನಿನಿಂದ ನಾಳ ಸಡಿಲವಾಗುತ್ತದೆ, ಮೂತ್ರ ಅಲ್ಲೇ ತಂಗುತ್ತದೆ. ಹಾಗೇ ಬಿಟ್ಟರೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸೋಂಕು ಮೂತ್ರಪಿಂಡಕ್ಕೆ ಏರಬಹುದು. ಹಾಗಾಗಿ ಮೊದಲ ತಿಂಗಳುಗಳಲ್ಲೇ ಒಂದು ಕಲ್ಚರ್ ಮಾಡಿಸಬೇಕು. ಆಸ್ಪತ್ರೆಗೆ ತಾಯಿ ಕಾರ್ಡ್ ಹಿಡಿದು ಬಂದಾಗ ಆಗುವ, ಮೂತ್ರದಲ್ಲಿ ಪಟ್ಟಿ ಅದ್ದುವ ಪರೀಕ್ಷೆ ಎಷ್ಟೋ ಪ್ರಕರಣಗಳನ್ನು ಬಿಟ್ಟುಬಿಡುತ್ತದೆ. ಕಂಡುಬಂದರೆ ವರದಿ ನೋಡಿ, ಬಸಿರಿನಲ್ಲಿ ಸುರಕ್ಷಿತವಾದ ಔಷಧಿಯನ್ನು 4ರಿಂದ 7 ದಿನ ಕೊಡುತ್ತಾರೆ. ನೈಟ್ರೋಫ್ಯುರಾಂಟೊಯಿನ್ ಹೆರಿಗೆಯ ಹತ್ತಿರದ ದಿನಗಳಿಗೆ ಸಲ್ಲದು.

ಮೂತ್ರ ಹೊರಬರುವ ದಾರಿಯ ಮೂಲಕ ಪ್ರಾಸ್ಟೇಟ್ ಕೊರೆಯುವ ಶಸ್ತ್ರಕ್ರಿಯೆಯಂಥ, ರಕ್ತ ಬರುವ ಕೆಲಸಕ್ಕೂ ಮೊದಲೇ ಕಲ್ಚರ್ ಬೇಕು. ಬ್ಯಾಕ್ಟೀರಿಯಾ ಕಂಡರೆ ಅಲ್ಲಿ ಆಂಟಿಬಯಾಟಿಕ್‌ನ ಒಂದೆರಡು ಡೋಸ್ ಸಾಕಾಗುತ್ತದೆ.